ಹಗೆಯವರಿಗೆ ನೇಯ್ದ ನಿಶಾನೆ

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗಿದ್ದ ಸಮುದ್ರ ಕಾಣಲಿಲ್ಲ. ಅದಿರಬೇಕಾದ ಜಾಗದಲ್ಲಿ ಕಬ್ಬಿಣದ ಊರೊಂದು ಬಂದು ನಿಂತಿತ್ತು. ಹುನಗುಂದವನ್ನೂ ಇಳಕಲ್ಲನ್ನೂ ಕೂಡಿಸಿ ನೀರಿನ ಮೇಲೆ ಇಟ್ಟರೂ ಅಷ್ಟು ಹೊಗೆ ಏಳಲಾರದು. ಎಲ್ಲಿ ನೋಡಿದರೂ ಹೊಗೆಕೊಳವೆ, ಅವುಗಳ ಕೆಳಗೆ ಬಾಯಿ ತೆರೆದ ತೋಪುಗಳು. ಹತ್ತಿರದ ಹಡಗಿನಲ್ಲಿ ಒಂದು ತೋಪಿನ ಮೇಲೆ ಮಂಗ ಕುಳಿತು ಬಾಳೆಹಣ್ಣು ಸುಲಿಯುತ್ತಿತ್ತು. ಎಲ್ಲಿಂದಲೋ ಆಕಳು ಕೂಗಿತು. ನನ್ನ ಅಣ್ಣ ಗುರಪ್ಪ ಹಿಂದೆ ಬಂದು ನಿಂತು, "ಏ ಮಲ್ಲೇಶಿ, ಇವ್ರೇನ್ ಯುದ್ಧಕ್ಕ ಹೊಂಟಾರೋ, ಸಂತಿಗಿ ಹೊಂಟಾರೋ?" ಎಂದು ನಕ್ಕ. ಅವನ ಆ ನಗೆಯನ್ನು ನೆನೆದರೆ ಇವತ್ತಿಗೂ ನನ್ನ ಹಲ್ಲು ಕಟಕಟ ಎನ್ನುತ್ತವೆ. ಆ ಕಬ್ಬಿಣದ ಊರೇ ಅವನನ್ನು ತಿಂದುಹಾಕಿತು.

ನಾನು ಇಳಕಲ್ಲಿನ ನೇಕಾರ ಮನೆತನದ ಮಲ್ಲೇಶಪ್ಪ. ಈಗಿರುವುದು ನೋಸಿ-ಬೇ ಎಂಬಲ್ಲಿ. ಇದು ಆಫ್ರಿಕದ ಆಚೆ, ಮದಗಾಸ್ಕರ ಎಂಬ ದೊಡ್ಡ ನಡುಗಡ್ಡೆಯ ಮಗ್ಗುಲಲ್ಲಿರುವ ಸಣ್ಣ ನಡುಗಡ್ಡೆ. ಫ್ರೆಂಚರ ಆಳಿಕೆ. ಇವರ ಮಾತಿನಲ್ಲಿ 'ನೋಸಿ' ಎಂದರೆ ನಡುಗಡ್ಡೆ, 'ಬೇ' ಎಂದರೆ ದೊಡ್ಡದು. ಮುಂಬಯಿಯ ಅಂಗಡಿಯಲ್ಲಿ ಅಣ್ಣ ನೇಯ್ದ ಸೀರೆಯನ್ನು ನೋಡಿದ ಗುಜರಾತಿ ಸೇಟಜಿಯೊಬ್ಬ, "ನಮ್ಮಲ್ಲಿ ಬಂದು ನೇಯಿ, ಅಲ್ಲಿಯ ಹೆಂಗಸರು 'ಲಂಬಾ' ಉಡುತ್ತಾರೆ" ಎಂದ. ಲಂಬಾ ಎಂದರೆ ಮೈಗೆ ಸುತ್ತಿಕೊಳ್ಳುವ ಪಂಜಿಯಂಥ ಬಟ್ಟೆ. ಅಣ್ಣನಿಗೆ ಹೊಸ ಊರು ಎಂದರೆ ಹುಚ್ಚು. ಇಳಕಲ್ಲಿನಿಂದ ಚಕ್ಕಡಿಯಲ್ಲಿ ಬಾಗಲಕೋಟೆ, ಅಲ್ಲಿಂದ ರೈಲು, ಮುಂಬಯಿಯಿಂದ ಸೇಟಜಿಯ ಹಾಯಿಹಡಗು. ಹೊರಡುವ ದಿನ ಅಣ್ಣನ ಹೆಂಡತಿ, ನಮ್ಮ ವೈನಿ ನೀಲವ್ವ, ಅಳಲಿಲ್ಲ. "ಇಬ್ಬರೂ ಹೊಂಟೀರಿ, ಇಬ್ಬರೂ ಬರ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಇಲ್ಲಿಯ ಮನೆಗಳನ್ನು ಕಂಡ ದಿನ ಅಣ್ಣನಿಗೆ ನಗು, ನನಗೆ ಅಳು. ನಮ್ಮ ಕಡೆ ಗೋಡೆ ಎಂದರೆ ಕಲ್ಲು. ಹೆಜ್ಜೆಗೊಂದು ಗಣಿ ಇರುವ ಊರು ನಮ್ಮದು. ಇಲ್ಲಿ ಗೋಡೆ, ಮಾಡು, ಬಾಗಿಲು ಎಲ್ಲವೂ ಎಲೆ. 'ರಾವಿನಾಲಾ' ಎಂಬ ಗಿಡದ ಎಲೆ ಬೀಸಣಿಗೆಯ ಹಾಗೆ ಬಿಡುತ್ತದೆ, ಅದನ್ನು ಹೆಣೆದು ಮನೆ ಕಟ್ಟುತ್ತಾರೆ. ಪಕ್ಕದ ಮನೆಯವರು ಕೆಮ್ಮಿದರೆ ನಾವು ನೀರು ಕೊಡಬೇಕು, ಅಷ್ಟು ತೆಳು. ಮಣ್ಣು ಮಾತ್ರ ಕೆಂಪಗೆ ಬಾದಾಮಿ ಗುಡ್ಡದ ಬಣ್ಣ. ಮನೆಯೊಡತಿ ರಾಸುವಾ ಎಂಬ ಮುದುಕಿ, ಮಾತು ಕಡಿಮೆ, ತಂಬಾಕು ಜಾಸ್ತಿ. ನಾನು ಮೊದಲ ದಿನ ಆ ಕೆಂಪು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದ್ದನ್ನು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಳಂತೆ.

ಊಟದ ವಿಷಯ ಕೇಳಲೇಬೇಡಿ. ಮುಂಜಾನೆ ಅನ್ನ, ಮಧ್ಯಾಹ್ನ ಅನ್ನ, ಸಂಜೆ ಅನ್ನ. ತಳ ಹತ್ತಿದ ಗಡಿಗೆಗೆ ನೀರು ಹಾಕಿ ಕುದಿಸಿ, ಆ ಕರಕು ನೀರನ್ನು 'ರಾನೋವೋಲಾ' ಎಂದು ಕರೆದು ಪ್ರೀತಿಯಿಂದ ಕುಡಿಯುತ್ತಾರೆ. ನಮ್ಮಲ್ಲಿ ತಳ ಹತ್ತಿಸಿದ ಸೊಸೆಗೆ ಬೈಗುಳ; ಇಲ್ಲಿ ಅದೇ ಪಾನಕ. ಜೋಳವಿಲ್ಲ. ಅಕ್ಕಿ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋಗಿ ನಾನು ಎಷ್ಟು ಸಲ ಹಂಚು ಬಿಸಾಡಿದೆನೋ! ಕೊನೆಗೊಂದು ದಿನ ಹರಿಯದೆ ಒಂದು ರೊಟ್ಟಿ ಎದ್ದಿತು. ಅಣ್ಣ ಅದನ್ನು ಎರಡು ಕೈಯಲ್ಲಿ ಹಿಡಿದು ಬೀದಿಯ ಗುಜರಾತಿಗಳಿಗೆಲ್ಲ ತೋರಿಸಿಕೊಂಡು ಬಂದ. ನಮ್ಮನ್ನೂ ಸೇರಿಸಿ ಹಿಂದುಸ್ತಾನದವರಿಗೆಲ್ಲ ಇಲ್ಲಿ 'ಕರಾನಾ' ಎಂದು ಹೆಸರು. ಬಿಳಿಯನಿಗೆ 'ವಾಝಾ'. ಕನ್ನಡದವರು ಎಂದರೆ ನಾವಿಬ್ಬರೇ. ಜಗಳವಾದರೂ ಮಾತು ಬಿಡುವ ಹಾಗಿರಲಿಲ್ಲ, ಬಿಟ್ಟರೆ ಆಡುವುದು ಯಾರ ಹತ್ತಿರ?

ಹೀಗಿರುವಾಗ ಆ ಹಡಗುಗಳು ಬಂದವು. ರಷ್ಯದವು. ಜಪಾನಿನ ಮೇಲೆ ಯುದ್ಧಕ್ಕೆ ಅರ್ಧ ಭೂಮಿಯನ್ನು ಸುತ್ತಿಕೊಂಡು ಹೊರಟವರು, ಮುಂದಿನ ಅಪ್ಪಣೆಗೆ ಕಾಯುತ್ತ ನಮ್ಮ ಮುಂದೆ ಲಂಗರು ಹಾಕಿದರು. ಆರು ಹಡಗಿಗೊಬ್ಬ ಎಂಟು ಹಡಗಿಗೊಬ್ಬ ದೊಡ್ಡ ಅಧಿಕಾರಿ. ಅವನಿಗೆ 'ಅಡ್ಮಿರಾಲ್' ಎನ್ನುತ್ತಾರೆ, ಎಂದರೆ ನೌಕಾಧಿಪತಿ. ಅವನಿರುವ ಹಡಗಿನ ಮೇಲೆ ಅವನದೇ ನಿಶಾನೆ ಹಾರುತ್ತದೆ. ಊರಿನವರೆಲ್ಲ ಸಣ್ಣ ದೋಣಿಗಳಲ್ಲಿ ಹಣ್ಣು, ತತ್ತಿ, ಕೋಳಿ ತುಂಬಿಕೊಂಡು ಹಡಗುಗಳ ಸುತ್ತ ಮಾರಾಟಕ್ಕೆ ಹೋಗತೊಡಗಿದರು. ಅಣ್ಣ ಬಿಟ್ಟಾನೆಯೇ? ತಾನು ನೇಯ್ದ ಕೈವಸ್ತ್ರಗಳನ್ನು ಒಯ್ದು ನಾವಿಕರಿಗೆ ಮಾರಿ ಬರತೊಡಗಿದ.

ಒಂದು ಸಂಜೆ ಹೊತ್ತು ಮುಳುಗುವಾಗ ಅವನು ದೋಣಿಯಲ್ಲಿ ಹೊರಟ. ನಾನು ದಂಡೆಯ ಮೇಲೆ ನಿಂತಿದ್ದೆ. ನಡೆದದ್ದು ನನ್ನ ಕಣ್ಣೆದುರಿಗೆ. ಕಾವಲು ದೋಣಿಯೊಂದರಿಂದ ಯಾರೋ ಅಧಿಕಾರಿ ಕೂಗಿದ. ನಿಲ್ಲಿಸು ಎಂದನೋ, ಹಿಂದಕ್ಕೆ ಹೋಗು ಎಂದನೋ, ಅವರ ಭಾಷೆ ನಮಗೆಲ್ಲಿ ಬರಬೇಕು? ದೊಡ್ಡವರು ಕರೆದರೆ ಕುಳಿತೇ ಓಗೊಡುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ ಹೇಳಿ. ಗೌಡರು ಕೂಗಲಿ, ಮಾಸ್ತರರು ಕೂಗಲಿ, ಎದ್ದು ನಿಂತು ರುಮಾಲು ಸರಿ ಮಾಡಿಕೊಂಡೇ "ಏನ್ರಿ?" ಎನ್ನಬೇಕು. ಅಣ್ಣ ಹಾಗೆಯೇ ದೋಣಿಯಲ್ಲಿ ಎದ್ದು ನಿಂತ. ಕೈ ರುಮಾಲಿಗೆ ಹೋಯಿತು. "ಏನ್ರಿ ಸಾಹೇಬ್ರ?" ಎಂದು ಅವನು ಅಂದದ್ದು ನೀರಿನ ಮೇಲಿಂದ ನನಗೆ ಕೇಳಿಸಿತು. ಗುಂಡು ಹಾರಿತು. ಕುಳಿತಲ್ಲೇ ಕುಳಿತಿದ್ದರೆ ಬದುಕುತ್ತಿದ್ದ. ಮರ್ಯಾದೆ ಕೊಟ್ಟದ್ದಕ್ಕೆ ಸತ್ತ!

ಈ ಹೇಡಿಗಳಿಗೆ ಪ್ರತಿ ದೋಣಿಯೂ ಜಪಾನಿನದೇ. ಬರುವ ದಾರಿಯಲ್ಲಿ ಎಲ್ಲೋ ಬಡ ಮೀನುಗಾರರ ದೋಣಿಗಳನ್ನು ನೋಡಿ ಜಪಾನಿನವರು ಬಂದರೆಂದು ತೋಪು ಹಾರಿಸಿದ್ದರಂತೆ. ಮೀನುಗಾರರು, ನೇಕಾರರು. ಎಂಥ ಶೂರರು ನೋಡಿ!

ಮರುದಿನ ಮುಂಜಾನೆ ಅಣ್ಣನನ್ನು ಹಾಯಿಬಟ್ಟೆಯಲ್ಲಿ ಹೊಲಿದು ತಂದರು. ಮಲಗಿಸಿ, ನೆಟ್ಟಗೆ, ಚಾಪೆ ಸುತ್ತಿದ ಹಾಗೆ. ನಾನು ಹುಚ್ಚನ ಹಾಗೆ ಚಾಕು ತೆಗೆದು ಆ ಹೊಲಿಗೆಗಳನ್ನು ಹರಿದೆ. ಲಿಂಗವಂತರು ಮಲಗಿ ಮಣ್ಣಿಗೆ ಹೋಗುವುದಿಲ್ಲ. ಕುಳಿತು ಹೋಗುತ್ತಾರೆ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು. ಈ ಮಾತನ್ನು ನಾನು ಅಲ್ಲಿ ಯಾರಿಗೆ ಹೇಳಲಿ? ಮೈ ಸೆಟೆದಿತ್ತು, ಕಾಲು ಮಡಚಲು ಬಾರದು. ಹೆಣ ತಂದವರಲ್ಲಿ ಒಬ್ಬ ನರೆಗಡ್ಡದವನು ನಾನು ಒದ್ದಾಡುವುದನ್ನು ನೋಡುತ್ತ ನಿಂತಿದ್ದ. ಆಮೇಲೆ ರಾಸುವಾಳ ಒಲೆಯಿಂದ ಬಿಸಿನೀರು ತಂದು, ಮೊಣಕಾಲ ಮೇಲೆ ಸುರಿಯುತ್ತ, ತನ್ನ ಎರಡೂ ಕೈಯಿಂದ ತಿಕ್ಕತೊಡಗಿದ. ಬಹಳ ಹೊತ್ತು ತಿಕ್ಕಿದ. ಕೊನೆಗೆ ಕಾಲು ಮಡಚಿದವು. ಅವನೇ ಆ ಹೊಲಿಗೆ ಹಾಕಿದವನು, ಹಡಗಿನಲ್ಲಿ ಹಾಯಿ ಹೊಲಿಯುವ ಯೆಗೋರ್.

ರಾಸುವಾ ತನ್ನ ಹಿತ್ತಿಲಲ್ಲಿ ಜಾಗ ಕೊಟ್ಟಳು. ಅಯ್ಯನವರಿಲ್ಲ, ಪತ್ರಿ ಇಲ್ಲ. ಇದ್ದ ವಿಭೂತಿಯನ್ನು ನಾನೇ ಹಚ್ಚಿ, ಬಾಯಿಗೆ ಬಂದ ನಾಲ್ಕು ವಚನ ಹೇಳಿ ಅಣ್ಣನನ್ನು ಮಣ್ಣಿನಲ್ಲಿ ಕೂರಿಸಿದೆ. ಆ ಹೊತ್ತಿಗೆ, ಗುಂಡು ಹಾರಿಸಿದವರ ನೌಕಾಧಿಪತಿಯ ಕಡೆಯಿಂದ ಒಬ್ಬ ದುಭಾಷಿ ಬಂದ. ಕತ್ತಲಾಗುವಾಗ ದೋಣಿ ತರಬಾರದೆಂದು ಆಜ್ಞೆ ಇತ್ತು, ತಪ್ಪು ಸತ್ತವನದು ಎಂದು ಹೇಳಿ, ನಮ್ಮ ಕಟ್ಟೆಯ ಮೇಲೆ ಒಂದು ಚೀಲ ಇಟ್ಟು ಹೋದ. ಬಿಚ್ಚಿ ನೋಡಿದರೆ ಕಪ್ಪನೆಯ ಒಣ ರೊಟ್ಟಿ ಚೂರು. ನನ್ನ ಅಣ್ಣನ ಬದಲಿಗೆ! ಒಂದು ಚೂರನ್ನೂ ನಾನು ಮುಟ್ಟಲಿಲ್ಲ, ಕೋಳಿಗೆ ಹಾಕಿದೆ. ಅವನ ವಂಶ ಹಾಳಾಗಲಿ ಎಂದು ಅಂದು ಅಂದೆ, ಇವತ್ತೂ ಅನ್ನುತ್ತೇನೆ.

ವೈನಿಗೆ ಕಾಗದ ಬರೆದೆ. ಅವಳ ಉತ್ತರ ಬರುವ ಮೊದಲೇ ನನಗದು ಗೊತ್ತಿತ್ತು, ಅವಳ ಸ್ವಭಾವ ಬಲ್ಲೆ. ಮಾಸ್ತರರ ಕೈಯಲ್ಲಿ ಬರೆಸಿದ್ದರೂ ಮಾತು ಅವಳದೇ. "ಇಬ್ಬರೂ ಬರ್ರಿ ಅಂದಿದ್ದೆ. ಈಗ ಒಬ್ಬಾಂವ ಬರಬೇಕಂದ್ರ ತೀರಿಸಿಕೊಂಡ ಬಾ. ಇಲ್ಲಂದ್ರ ನನ್ನ ಹೊಸ್ತಿಲಾ ತುಳಿಬ್ಯಾಡ." ಒಂದು ನೆನಪಿರಲಿ, ಇದು ಸಿಟ್ಟಿನ ಮಾತಲ್ಲ. ನಮ್ಮ ವೈನಿ ಸಿಟ್ಟು ಇಳಿದ ಮೇಲೆಯೇ ಮಾತಾಡುವವಳು.

ಯೆಗೋರ್ ಆಮೇಲೆ ನೂಲು ಕೊಳ್ಳುವ ನೆವದಲ್ಲಿ ದಿನವೂ ಬರತೊಡಗಿದ. ಮೊದಮೊದಲು ನಾನು ಮುಖ ಕೊಡಲಿಲ್ಲ. ಆಮೇಲೆ ಯೋಚಿಸಿದೆ: ಹಾವನ್ನು ಹೊಡೆಯಬೇಕಾದರೆ ಹುತ್ತ ಗೊತ್ತಿರಬೇಕು. ಅವರ ಭಾಷೆ ಕಲಿಯಲು ಕುಳಿತೆ. ಅವನು ಆಡುತ್ತಿದ್ದುದು ಅರ್ಧ ಮಾತು ಅರ್ಧ ಕೈಸನ್ನೆ. ಅದನ್ನು ನಮ್ಮ ಮಾತಿಗೆ ಹೊಂದಿಸಿ ಬರೆಯುತ್ತಿದ್ದೇನೆ. ಅವನಿಗೆ ತಮ್ಮ ನೌಕಾಧಿಪತಿಗಳ ಕಥೆ ಹೇಳುವ ಹುಚ್ಚು. ನಮ್ಮಲ್ಲಿ ಪುರಾಣ ಹೇಳುವವರು ಶರಣರ ಕಥೆಗೆ ಕಣ್ಣು ಒದ್ದೆ ಮಾಡಿಕೊಳ್ಳುವ ಹಾಗೆ ಇವನು ಆ ಕಥೆಗಳಿಗೆ ಮಾಡಿಕೊಳ್ಳುತ್ತಿದ್ದ. ಆ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಹಗೆಯವರ ಹೆಸರು ನನ್ನ ಲೇಖನಿಯಿಂದ ಇಳಿಯುವುದು ಬೇಡ. ನಾನು ಅವರ ಭಾಷೆಯಲ್ಲಿ ಕಲಿತ ಮೊದಲ ಪೂರ್ತಿ ವಾಕ್ಯ, "ಕಾಕ್ ಓನ್ ಊಮೆರ್?" ಎಂದರೆ, ಅವನು ಹೇಗೆ ಸತ್ತ? ಪ್ರತಿ ಕಥೆಗೂ ನನ್ನದು ಅದೊಂದೇ ಪ್ರಶ್ನೆ.

"ಹಿಂದ ಒಬ್ಬಾಂವಿದ್ದ," ಎನ್ನುತ್ತಿದ್ದ ಯೆಗೋರ್. "ದಕ್ಷಿಣದ ಸಮುದ್ರದಾಗ ಒಂದ ಯುದ್ಧಾನೂ ಸೋಲಲಿಲ್ಲ. ಒಂದ ಹಡಗಾ ಕಳಕೊಳ್ಳಲಿಲ್ಲ. ತನ್ನ ನಾವಿಕರ ಗಂಜಿ ಮೊದಲ ತಾ ಕುಡದ ನೋಡತಿದ್ದ."

"ಹೆಂಗ ಸತ್ತ?"

"ಮುದುಕ ಆಗಿ, ಹಳ್ಯಾಗ, ಮಠದ ಮಗ್ಗಲಕ. ಹಾಸಿಗಿ ಮ್ಯಾಲ."

"ಥೂ!" ಎಂದೆ. ಅಷ್ಟು ಜನರನ್ನು ಮುಳುಗಿಸಿದವನು ಹಾಸಿಗೆಯ ಮೇಲೆ ಸಾಯುವುದೆಂದರೇನು?

ಇನ್ನೊಬ್ಬನ ಕಥೆ ನನಗೆ ಹಿಡಿಸಿತು. ಅವನು ತುರ್ಕಿಯವರ ನೌಕೆಗಳನ್ನು ಅವರ ಬಂದರಿನಲ್ಲೇ ಸುಟ್ಟವನು. ಆಮೇಲೆ ಶತ್ರುಗಳು ಇವರ ಊರಿಗೆ ಮುತ್ತಿಗೆ ಹಾಕಿದಾಗ, ಇವರು ತಮ್ಮ ಹಡಗುಗಳನ್ನು ತಾವೇ ಬಂದರಿನ ಬಾಯಲ್ಲಿ ಮುಳುಗಿಸಿ ದಾರಿ ಕಟ್ಟಿದರಂತೆ. ಹಡಗು ಹೋದ ಮೇಲೆ ಈ ನೌಕಾಧಿಪತಿ ಗುಡ್ಡದ ಮೇಲೆ ನಿಂತು ಕಾದಿದ.

"ಹೆಂಗ ಸತ್ತ?"

"ಎಲ್ಲಾರೂ ಬಗ್ಗರಿ, ಬಗ್ಗರಿ ಅಂದ್ರು. ಅಂವ ಬಗ್ಗಲಿಲ್ಲ. ಎದ್ದ ನಿಂತಿದ್ದ. ತಲಿಗೇ ಗುಂಡ ಬಿತ್ತು."

ನಾನು ಸಂತೋಷಪಡಬೇಕಾಗಿತ್ತು. ಎದ್ದು ನಿಂತಿದ್ದ ಎಂಬ ಮಾತು ಅಣ್ಣನನ್ನು ಮತ್ತೆ ದೋಣಿಯಲ್ಲಿ ಎಬ್ಬಿಸಿ ನಿಲ್ಲಿಸಿತು. ಆ ದಿನ ಯೆಗೋರನಿಗೆ ಹೋಗೆಂದು ಹೇಳಿ ಬಾಗಿಲು ಹಾಕಿಕೊಂಡೆ. ಅವರ ಸತ್ತವರು ನಮ್ಮ ಸತ್ತವರ ಹಾಗೆ ಇರುವುದು ನನಗೆ ಬೇಕಿರಲಿಲ್ಲ. ಆ ನೌಕಾಧಿಪತಿಯ ಗುರುವನ್ನೂ, ಅದೇ ಗುಡ್ಡದ ಮೇಲೆ ಸತ್ತ ಅವನ ಇಬ್ಬರು ಗೆಳೆಯರನ್ನೂ ಅವನನ್ನೂ ಒಂದೇ ಗುಡಿಯ ಕೆಳಗೆ ಹೂಳಿದ್ದಾರಂತೆ. ಅವರವರ ಊರಲ್ಲಿ, ಅವರವರ ಜನರ ನಡುವೆ. ನಮ್ಮವನು ಮಾತ್ರ ಮುದುಕಿಯ ಹಿತ್ತಿಲಲ್ಲಿ!

ಹಿಂದಿನ ವರ್ಷ ಸತ್ತವನ ಕಥೆ ಹೇಳುವಾಗ ಯೆಗೋರ್ ಅತ್ತುಬಿಟ್ಟ. ಉದ್ದ ಗಡ್ಡದವನು, ಸಾಮಾನ್ಯ ನಾವಿಕನ ಮನೆಯಲ್ಲಿ ಹುಟ್ಟಿ ಮೇಲೇರಿದವನು, ಹೆಪ್ಪುಗಟ್ಟಿದ ಸಮುದ್ರವನ್ನು ಒಡೆದುಕೊಂಡು ಹೋಗುವ ಹಡಗು ಮಾಡಿಸಿದವನು. ಜಪಾನಿನವರು ನೀರಿನಲ್ಲಿ ಹುದುಗಿಸಿಟ್ಟ ಸಿಡಿಮದ್ದಿಗೆ ಅವನ ಹಡಗು ತಾಗಿ ನೋಡನೋಡುತ್ತಿದ್ದಂತೆ ಮುಳುಗಿತು. ಹೆಣ ಸಿಗಲಿಲ್ಲ, ಅವನ ಮೇಲಂಗಿ ಮಾತ್ರ ನೀರಿನ ಮೇಲೆ ಸಿಕ್ಕಿತು. "ಅಂವ ನಮ್ಮಂವಾಗಿದ್ದ" ಎಂದು ಯೆಗೋರ್ ಮೂಗು ಒರೆಸಿಕೊಂಡ. ನಾನು ಹಲ್ಲು ಕಚ್ಚಿ ಕುಳಿತೆ. ಚಲೋ ಆತು ಎನ್ನಬೇಕೆಂದು ಬಾಯಿ ತೆರೆದವನು, ಅವನ ಮುಂದೆ ನೀರಿನ ತಂಬಿಗೆ ಇಟ್ಟೆ. ಅಷ್ಟರಮಟ್ಟಿಗೆ ಇವನು ನನ್ನ ಹಗೆಯನ್ನು ಸಡಿಲ ಮಾಡಿದ್ದ, ಹಾಟ್ಯಾ.

ಆದರೆ ಅವನ ಬಾಯಿಂದಲೇ ನನಗೆ ಬೇಕಾದ್ದು ಸಿಕ್ಕಿತು. ಅವರ ನೌಕಾಪಡೆಯನ್ನು ಕಟ್ಟಿದ ಹಳೆಯ ಅರಸ, ಸ್ವತಃ ಕೊಡಲಿ ಹಿಡಿದು ಹಡಗು ಕಟ್ಟಿದವನಂತೆ, ಒಂದು ಕಟ್ಟಳೆ ಮಾಡಿ ಹೋಗಿದ್ದಾನೆ: ಹಡಗು ಮುಳುಗಲಿ, ಮನುಷ್ಯ ಸಾಯಲಿ, ಯಾರ ಮುಂದೆಯೂ ನಿಶಾನೆ ಇಳಿಸಬಾರದು. ಯುದ್ಧದ ನಡುವೆ ನಿಶಾನೆ ಇಳಿಯಿತೆಂದರೆ ಶರಣಾದಂತೆ. ನೌಕಾಧಿಪತಿಗೆ ಅದು ಸಾವಿಗಿಂತ ಕೀಳು. ಇದನ್ನು ಹೇಳಿದ ಮರುದಿನವೇ ಯೆಗೋರ್ ಬಂದು, ಬಿಸಿಲಿಗೆ ನಿಶಾನೆಗಳೆಲ್ಲ ಹರಿದಿವೆ, ಯುದ್ಧದ ದಿನ ಏರಿಸಲು ನಮ್ಮ ನೌಕಾಧಿಪತಿಗೆ ಹೊಸದೊಂದು ಬೇಕು, ಮಗ್ಗದಲ್ಲಿ ನೇಯ್ದು ಕೊಡುತ್ತೀಯಾ ಎಂದು ಕೇಳಿದ.

ಅದೇ ನೌಕಾಧಿಪತಿ. ಒಣ ರೊಟ್ಟಿ ಕಳಿಸಿದವನು. "ಯಾಕಾಗವಲ್ದು? ನೇಯ್ದ ಕೊಡ್ತೇನಿ" ಎಂದೆ.

ಬಿಳಿಯ ಬಟ್ಟೆ, ಮೂಲೆಯಿಂದ ಮೂಲೆಗೆ ನೀಲಿ ಕತ್ತರಿಗುರುತು, ಕೆಳಗೆ ಕೆಂಪು ಪಟ್ಟಿ. ಒಂದು ಬದಿಗೆ ಹಗ್ಗ ಪೋಣಿಸುವ ದಪ್ಪ ಅಂಚು. ಇಳಕಲ್ಲ ಸೀರೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ: ನಾವು ಮೈಯನ್ನೂ ಸೆರಗನ್ನೂ ಬೇರೆ ಬೇರೆ ಹಾಸಿನಲ್ಲಿ ಹೂಡಿ, ಮೈಯ ಎಳೆಯ ಕೊಂಡಿಯಲ್ಲಿ ಸೆರಗಿನ ಎಳೆಯ ಕೊಂಡಿ ಸಿಕ್ಕಿಸಿ, ಬಿಗಿದು ಮುಂದೆ ನೇಯುತ್ತೇವೆ. ಸೀರೆ ಜೀರ್ಣವಾದರೂ ಕೊಂಡಿ ಬಿಡಬಾರದು. ಕೊಂಡಿ ಬಿಟ್ಟ ಸೀರೆ ಉಟ್ಟವಳ ತವರಿಗೆ ಅವಮಾನ, ನೇಯ್ದವನ ಮನೆಗೆ ಶಾಪ. ನಾನು ನಿಶಾನೆಯ ಬಟ್ಟೆಯನ್ನು ಹಗ್ಗದ ಅಂಚಿಗೆ ಕೊಂಡಿ ಹಾಕಿಯೇ ಕೂಡಿಸಿದೆ. ಆದರೆ ಬಿಗಿಯಲಿಲ್ಲ. ಗಂಟಿನ ಬದಲು ಅನ್ನದ ಗಂಜಿ ಕುಡಿಸಿ ಒಣಗಿಸಿದೆ. ಒಣಗಿದರೆ ಕಲ್ಲಿನ ಹಾಗೆ. ನಾಲ್ಕು ಹನಿ ಸಮುದ್ರದ ನೀರು ಸಿಡಿದು ಗಾಳಿ ಎಳೆದರೆ ಹೂವಿನ ಹಾಗೆ ಬಿಡುತ್ತದೆ. ಯುದ್ಧದ ದಿನ, ಜಪಾನಿನವರು ನೋಡುತ್ತಿರುವಾಗ, ಅವನ ನಿಶಾನೆ ತಾನಾಗಿಯೇ ಬೀಳಬೇಕು. ನನ್ನ ಕಸುಬಿಗೆ ನಾನೇ ಮಾಡಿದ ಅವಮಾನ ಅದು. ಅಣ್ಣನನ್ನು ಹೂತ ಗುಡ್ಡೆಯ ಮೇಲೆ ಒಂದು ದಿನ ಹರಡಿ ಇಟ್ಟು ಕೊಟ್ಟೆ. ಯೆಗೋರ್ ಹೊರಳಿಸಿ ನೋಡಿ, ಅಂಚನ್ನು ಬೆರಳಿನಿಂದ ತಡವಿ, ಮಡಚಿ ಒಯ್ದ.

ಹಡಗುಗಳು ಹೊರಡುವ ಹೊತ್ತಿಗೆ ಯೆಗೋರನ ಎದೆ ಕೆಟ್ಟಿತ್ತು. ಕಲ್ಲಿದ್ದಿಲ ಧೂಳಿನಲ್ಲಿ ಕೆಮ್ಮಿ ಕೆಮ್ಮಿ ರಕ್ತ ಬಿತ್ತು. ಇವನು ಬದುಕಲಾರ ಎಂದು ಅವನನ್ನು ಫ್ರೆಂಚರ ದವಾಖಾನೆಯಲ್ಲಿ ಬಿಟ್ಟು ಹೋದರು. ಒಂದು ಬೆಳಿಗ್ಗೆ ಎದ್ದರೆ ಕಬ್ಬಿಣದ ಊರು ಮಾಯ, ಮತ್ತೆ ಬರೀ ನೀರು. ಸಾಯದೆ ಎದ್ದು ಬಂದ ಯೆಗೋರನಿಗೆ ಹೋಗಲು ಜಾಗವಿರಲಿಲ್ಲ. ರಾಸುವಾ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟಳು. ನಾನು ಬೇಡ ಅನ್ನಲಿಲ್ಲ. ಅವನ ಹಡಗು ಮುಳುಗಿದ ಸುದ್ದಿ ಬಂದಾಗ ಅವನ ಮುಖ ನೋಡಬೇಕೆಂಬ ಆಸೆ ನನಗಿತ್ತು.

ಸುದ್ದಿ ತಂತಿಯಲ್ಲಿ ಬಂತು. ಇಡೀ ಪಡೆ ಮುಳುಗಿತು, ಉಳಿದವು ಶರಣಾದವು. ಶರಣಾಗುವಾಗ ತೋರಿಸಲು ಬಿಳಿ ನಿಶಾನೆಯೂ ಸಿಗದೆ ಊಟದ ಮೇಜಿನ ಬಟ್ಟೆ ಏರಿಸಿದರೆಂದು ಸೇಟಜಿ ಹೊಟ್ಟೆ ಹಿಡಿದು ನಕ್ಕ. ಕರಾನಾ ಬೀದಿಯಲ್ಲಿ ಸಕ್ಕರೆ ಹಂಚಿದರು. ಏಷ್ಯದವರು ಬಿಳಿಯರನ್ನು ಹೊಡೆದರೆಂದು ಪರಿಚಯವಿಲ್ಲದವರೂ ತಬ್ಬಿಕೊಂಡರು. ಬಾಗಲಕೋಟೆಯ ಪೇಟೆಯಲ್ಲೂ ಜನ ಜಪಾನಿನ ಗೆಲುವಿಗೆ ಕುಣಿದರೆಂದು ಆಮೇಲೆ ಕೇಳಿದೆ. ನಾನು ಹಿತ್ತಿಲಿಗೆ ಹೋಗಿ ಅಣ್ಣನ ಗುಡ್ಡೆಯ ಮುಂದೆ ಕುಳಿತು, "ಅಣ್ಣಾ, ಬಿತ್ತೋ! ಅವನ ನಿಶಾನಿ ಬಿತ್ತೋ!" ಎಂದು ಒದರಿ ಒದರಿ ಅತ್ತೆ. ಅದು ಬೀಳದೆ ಹೇಗೆ ಇದ್ದೀತು? ನನ್ನ ಗಂಜಿ ನನಗೆ ಗೊತ್ತಿಲ್ಲವೇ? ಅಂದೇ ವೈನಿಗೆ ಬರೆದೆ, ತೀರಿಸಿಕೊಂಡೆ ಎಂದು. "ಬಾ, ನೀಲವ್ವನ ಮನಿ ಬಾಗಲಾ ತಗದೈತಿ" ಎಂದು ಉತ್ತರ ಬಂತು. ಊರಲ್ಲಿ ನನ್ನ ಸುದ್ದಿ ಹಬ್ಬಿತ್ತಂತೆ. ಹುನಗುಂದದವರೆಗೂ ಬಂದು ಎದುರುಗೊಳ್ಳುತ್ತೇವೆ ಎಂದು ಓಣಿಯವರು ಹೇಳಿದ್ದರಂತೆ. ಸೇಟಜಿಯ ಹಡಗಿನಲ್ಲಿ ಜಾಗ ಹಿಡಿದೆ. ಗಂಟು ಕಟ್ಟಿದೆ.

ಹೊರಡುವ ಮುಂಜಾನೆ ಯೆಗೋರನ ಮುಂದೆ ಹೋಗಿ ನಿಂತೆ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಅವನ ಮುಖದ ಮೇಲೆ ಎಸೆಯದೆ ಹೋಗುವುದು ನನ್ನಿಂದಾಗಲಿಲ್ಲ.

"ನಿಮ್ಮ ಅಡ್ಮಿರಾಲನ ನಿಶಾನಿ ಬಿದ್ದದ್ದು ಜಪಾನದವರಿಂದಲ್ಲ," ಎಂದೆ. "ನನ್ನ ಕೈಲೆ ಬಿದ್ದೈತಿ. ಕೊಂಡಿ ಬಿಗದಿದ್ದಿಲ್ಲ, ಗಂಜಿ ಹಚ್ಚಿದ್ದೆ. ಅಣ್ಣನ್ನ ಕೊಂದದ್ದಕ್ಕ ತೀರಿಸಿಕೊಂಡೆ. ತಿಳೀತ?"

ಯೆಗೋರ್ ಚಾಪೆಯ ಮೇಲೆ ಎದ್ದು ಕುಳಿತ. ಬಹಳ ಹೊತ್ತು ಕೆಮ್ಮಿದ.

"ಬಿದ್ದಿಲ್ಲ," ಎಂದ.

"ಏನಂದಿ?"

"ಬಿದ್ದಿಲ್ಲೋ ಮಲ್ಲೇಶಿ. ನಾ ಹೊಲದೇನಿ. ನೀ ಕೊಟ್ಟ ದಿನಾನ. ಕೈಗೆ ಹತ್ತಿದ ಕೂಡಲೇ ತಿಳೀತು, ಹಾಯಿ ಹೊಲದ ಮುದುಕಾದಂವ ಅದೇನಿ. ಮೇಣದ ದಾರಲೆ ಒಂದೊಂದ ಕೊಂಡಿಗೂ ಹೊಲಗಿ ಹಾಕೇನಿ. ಹಡಗ ಮುಳುಗಿರಬೇಕು, ನಿಶಾನಿ ಬಿದ್ದಿರೂದಿಲ್ಲ."

ನಾನು ಅವನ ಕುತ್ತಿಗೆಗೆ ಕೈ ಹಾಕಿದೆ. ಹಾಕಿದೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ. "ಗೊತ್ತಿತ್ತ? ಗೊತ್ತಿದ್ದೂ ನನ್ನ ಸೇಡು ಕಸಗೊಂಡ್ಯಾ? ಅವ್ರಿಗೆ ಯಾಕ ಹೇಳಲಿಲ್ಲ ಹಂಗಾರ? ಹೇಳಿದ್ರ ನನ್ನೂ ಗುಂಡ ಹಾಕತಿದ್ರು!"

"ಅದಕ್ಕ ಹೇಳಲಿಲ್ಲ," ಎಂದ ಅವನು, ನನ್ನ ಕೈ ಬಿಡಿಸಿಕೊಳ್ಳಲೂ ನೋಡದೆ. "ಇಲ್ಲೆ ಕೇಳು. ಯುದ್ಧದಾಗ ನಿಶಾನಿ ಬಿದ್ರ ಏನ ಮಾಡ್ತಾರ ಗೊತ್ತೈತಿ? ಒಬ್ಬನ ಕೈಯಾಗ ಸುತಗಿ ಕೊಟ್ಟು, ಬಾಯಾಗ ಮೊಳಿ ಕಚ್ಚಿಸಿ ಕಂಬಾ ಏರಸ್ತಾರ. ಹೋಗಿ ಬಡದ ಬಾ ಅಂತಾರ. ಗುಂಡ ಸುರೀತಿರತಾವು. ಅಂವ ಇಳಿದ ಬರೂದಿಲ್ಲ. ಇನ್ನೊಬ್ಬನ್ನ ಏರಸ್ತಾರ. ಅಡ್ಮಿರಾಲ್ ಏರೂದಿಲ್ಲೋ ಮಲ್ಲೇಶಿ. ನಮ್ಮಂಥಾಂವ ಏರತಾನ. ಎದ್ದ ನಿಲ್ಲು ಅಂದ್ರ ನಿಲ್ಲಾಂವ."

ನನ್ನ ಕೈ ತಾನಾಗಿಯೇ ಸಡಿಲಾಯಿತು. ಅವನು ಹೇಳಿದ್ದು ಖರೆಯೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಓದುವವರು ನನ್ನನ್ನು ತಪ್ಪು ತಿಳಿಯಬಾರದು, ನನ್ನ ಹಗೆ ಆರಲಿಲ್ಲ. ಇನ್ನೂ ಜೋರಾಯಿತು. ಒಣ ರೊಟ್ಟಿ ಕಳಿಸಿದವನನ್ನು ಮುಟ್ಟಬೇಕಾದರೆ ನಡುವೆ ಎಷ್ಟು ಬಡವರನ್ನು ಕೊಲ್ಲಬೇಕು ನೋಡಿ! ಅಷ್ಟು ಗೋಡೆ ಕಟ್ಟಿಕೊಂಡು ಕುಳಿತಿದ್ದನಲ್ಲ ಅವನು! ಅವನು ಬದುಕಿದನೋ ಸತ್ತನೋ ಇವತ್ತಿಗೂ ನನಗೆ ತಿಳಿಯದು. ಸತ್ತಿದ್ದರೂ ಜಪಾನಿನವರ ಕೈಯಲ್ಲಿ ಸತ್ತ, ನನ್ನ ಕೈಯಲ್ಲಲ್ಲ.

ಕೆಳಗೆ ಹಡಗಿನವರು ಕೂಗುತ್ತಿದ್ದರು. ಹೋಗಿಬಿಡಬಹುದಾಗಿತ್ತು. ಇಳಕಲ್ಲಿನಲ್ಲಿ ಯಾರಿಗೆ ಗೊತ್ತಾಗುತ್ತಿತ್ತು? ನಿಶಾನೆ ಬಿತ್ತು ಎಂದರೆ ಬಿತ್ತು. ಓಣಿಯವರು ಹೂವಿನ ಹಾರ ಹಾಕುತ್ತಿದ್ದರು, ನಾನು ನಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಜೋಳದ ರೊಟ್ಟಿ ತಿಂದು ಮುದುಕನಾಗುತ್ತಿದ್ದೆ. ಆದರೆ ವೈನಿ ಊಟಕ್ಕೆ ಬಡಿಸುವಾಗ ಎದುರಿಗೆ ಕುಳಿತು ನೋಡುತ್ತಾಳೆ. ಆ ನೋಟದ ಮುಂದೆ ಸುಳ್ಳು ನುಂಗುವ ಗಂಟಲು ನನಗಿಲ್ಲ. ಗಂಟನ್ನು ಬಿಚ್ಚಿದೆ. ಹಡಗು ನನ್ನನ್ನು ಬಿಟ್ಟು ಹೋಯಿತು. ನಡೆದದ್ದನ್ನೆಲ್ಲ, ಯೆಗೋರ್ ಹೊಲಿದದ್ದು, ನಾನು ಅವನ ಕುತ್ತಿಗೆ ಹಿಡಿದದ್ದು, ಬಿಟ್ಟದ್ದು, ಈಗಲೂ ಅವನು ನನ್ನ ಒಲೆಯ ಅನ್ನ ಉಣ್ಣುತ್ತಿರುವುದು, ಎಲ್ಲವನ್ನೂ ವೈನಿಗೆ ಬರೆದೆ.

ಉತ್ತರ ಬರುವವರೆಗೆ ನಾನು ಮನುಷ್ಯನಾಗಿರಲಿಲ್ಲ. ಮಗ್ಗಕ್ಕೆ ಕುಳಿತರೆ ಎಳೆ ಕಡಿಯುತ್ತಿತ್ತು. ರಾಸುವಾ ನನ್ನ ಅವಸ್ಥೆ ನೋಡಿ ಒಂದು ದಿನ, "ಊರು ಊರು ಎಂದು ಯಾಕೆ ಸಾಯುತ್ತೀ? ನಮ್ಮಲ್ಲಿ ಮನುಷ್ಯನ ಊರು ಎಂದರೆ ಅವನ ಹಿರಿಯರನ್ನು ಹೂತ ನೆಲ. ನಿನ್ನ ಹಿರಿಯ ನನ್ನ ಹಿತ್ತಿಲಲ್ಲೇ ಇದ್ದಾನಲ್ಲ" ಎಂದಳು. "ನಮ್ಮಪ್ಪ, ನಮ್ಮಜ್ಜ ಇಳಕಲ್ಲಾಗ ಅದಾರ, ಮುದುಕೀ!" ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಅವಳ ಮಾತಿನಲ್ಲಿ ಒದರಿದೆ. ಅವಳು ತಂಬಾಕು ಅಗಿಯುತ್ತ, ಹಾಗಾದರೆ ನಿನಗೆ ಎರಡು ಊರು, ಎಲ್ಲಿಯೂ ಪೂರ್ತಿ ನಿದ್ದೆ ಬರುವುದಿಲ್ಲ ಎಂದು ಹೇಳಿ ಎದ್ದು ಹೋದಳು.

ಕೊನೆಗೆ ವೈನಿಯ ಕಾಗದ ಬಂತು. ಇದ್ದದ್ದು ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ. "ಮಲ್ಲೇಶಿ, ನೀ ಸುಳ್ಳ ಹೊತಗೊಂಡ ಬಂದಿದ್ರ ಊರು ನಿನ್ನ ಮೆರಸ್ತಿತ್ತು, ನಾ ಒಳಗ ಕರಕೋತಿದ್ದಿಲ್ಲ. ಖರೆ ಬರದಿ, ಚಲೋ ಮಾಡಿದಿ. ಹಂಗಂತ ಬಾ ಅನ್ನೂದಿಲ್ಲ. ಆಡಿದ ಮಾತ ಆಡೇನಿ. ಮತ್ತ ನೀ ಬಂದ್ರ ನಿಮ್ಮಣ್ಣ ಅಲ್ಲಿ ಒಬ್ಬಾಂವನ ಆಗ್ತಾನ, ನಮ್ಮ ಮಾತ ಆಡವರು ಅವನ ಮಗ್ಗಲಕ ಯಾರೂ ಇರೂದಿಲ್ಲ. ಅಲ್ಲೇ ಇರು. ದಿನಾ ನಾಕ ಮಾತ ಅವನ ಜೋಡಿ ಆಡು. ಆ ರಷ್ಯಾದಾಂವಗ ಉಣ್ಣಾಕ ಹಾಕತೇನಿ ಅಂತ ಬರದಿ. ಹಾಕು, ನನ್ನ ಗಂಡನ ಕಾಲ ಮಡಚ್ಯಾನ. ಆದ್ರ ಉಪ್ಪ ಹಾಕಬ್ಯಾಡ. ನಮ್ಮ ಉಪ್ಪ ಅವನ ನಾಲಿಗಿಗೆ ಹತ್ತಬಾರದು."

ಅಂದಿನಿಂದ ನಮ್ಮ ಒಲೆಯ ಮೇಲೆ ಎರಡು ಗಡಿಗೆ. ಒಂದು ನನ್ನದು, ಇನ್ನೊಂದು ಯೆಗೋರನದು. ನಾನು ಇಳಕಲ್ಲಿಗೆ ಹೋಗಲಾರೆ, ಆದರೆ ಇಳಕಲ್ಲಿನ ಅಪ್ಪಣೆ ದಿನಕ್ಕೆ ಎರಡು ಸಲ ಇಲ್ಲಿ ಬೇಯುತ್ತದೆ. ಮೊದಲ ದಿನ ಯೆಗೋರ್ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದ. ವೈನಿಯ ಮಾತನ್ನು ಅವನ ಭಾಷೆಯಲ್ಲಿ ಹೇಳಿದೆ, ಒಂದಕ್ಷರ ಬಿಡಲಿಲ್ಲ. ಅವನು ಜಗಳ ಮಾಡಲಿಲ್ಲ. "ನಿಮ್ಮ ವೈನಿ ಅಡ್ಮಿರಾಲ್ ಆಗಬೇಕಾಗಿತ್ತು" ಎಂದ. ಆಮೇಲೆ ತಟ್ಟೆ ಎತ್ತಿಕೊಂಡು ಕೆಮ್ಮುತ್ತ ಕೆಮ್ಮುತ್ತ ದಂಡೆಗೆ ಇಳಿದು ಹೋಗಿ, ಅನ್ನದ ಮೇಲೆ ಒಂದು ಬೊಗಸೆ ಸಮುದ್ರದ ನೀರು ಸುರಿದುಕೊಂಡು, ಅಲ್ಲೇ ಮರಳಿನ ಮೇಲೆ ಒಬ್ಬನೇ ಕುಳಿತು ಪೂರ್ತಿ ಉಂಡ.